ನಮ್ಮ ತಾತ ಗೆದ್ದ ಯುದ್ಧದ ಮುಯ್ಯಾಳು

ವಿಮಾನ ನಿಲ್ದಾಣ ಬಂದ ಮೇಲೆ ನಮ್ಮೂರ ಹುಣಸೆಮರದ ಕಟ್ಟೆಯಲ್ಲಿ ಮಳೆ-ಬೆಳೆ ಮಾತು ಕಡಿಮೆಯಾಯಿತು. ತಲೆ ಮೇಲೆ ವಿಮಾನ ಹಾರುವಾಗ ಅವರೆಕಾಯಿ ರೇಟು ಮಾತಾಡಿದರೆ ಮರ್ಯಾದೆಯಾ? ಹಾಗಾಗಿ ದಿನಾ ಬೆಳಗ್ಗೆ ನಾವು ದೇಶದ ರಕ್ಷಣೆ ನೋಡಿಕೊಳ್ಳುತ್ತೇವೆ. ದೇಶ ಇಷ್ಟು ಭದ್ರವಾಗಿರುವುದಕ್ಕೆ ಬೇರೆ ಕಾರಣ ಇದ್ದರೆ ಹೇಳಿ. ಇಷ್ಟು ದೊಡ್ಡ ಜವಾಬ್ದಾರಿ ಹೊತ್ತ ಮೇಲೆ ಏನಾದರೂ ಒಂದು ಆಗುತ್ತಲೇ ಇರುತ್ತದೆ.

ಕೋಟೆ ಮತ್ತು ಎಮ್ಮೆ

ಬಜೆಟ್ ಬಂದ ಮಾರನೇ ದಿನ. ರಿಟೈರ್ಡ್ ಹವಾಲ್ದಾರರು, "ಮಿಲಿಟರಿಗೆ ಕೊಟ್ಟಿದ್ದು ಸಾಲದು" ಅಂದರು. ಮೇಷ್ಟ್ರು, "ಎಲ್ಲಾ ಅಲ್ಲಿಗೇ ಸುರಿದ್ರೆ ಸ್ಕೂಲಿಗೇನು, ಸುಣ್ಣಾನಾ?" ಅಂದರು.

ನಾನು ಹವಾಲ್ದಾರರ ಕಡೆ. ಬರೀ ಬಾಯಲ್ಲಲ್ಲ. ಪಕ್ಕದ ಮನೆ ಎಮ್ಮೆ ನಮ್ಮ ಹಿತ್ತಲಿಗೆ ನುಗ್ಗುತ್ತಿತ್ತು. ಕೈಲಿದ್ದದ್ದನ್ನೆಲ್ಲ ಹಾಕಿ, ದೇವನಹಳ್ಳಿ ಕೋಟೆಯೇ ನಾಚುವಂಥ ಕಾಂಪೌಂಡ್ ಎತ್ತಿಸಿದೆ. ಗೇಟಿಗೆ ಮಾತ್ರ ಏನೂ ಉಳಿಯಲಿಲ್ಲ. ಮಾರನೇ ಬೆಳಗ್ಗೆ, ಗೇಟಿರಬೇಕಾದ ಜಾಗದಿಂದ ಎಮ್ಮೆ ಮದುಮಗಳ ಹಾಗೆ ನಿಧಾನಕ್ಕೆ ಒಳಗೆ ಬಂತು. ಅವರೆ ಗಿಡ ಪೂರ್ತಿ ಮುಗಿಸಿ, ಬಂದ ದಾರಿಯನ್ನೇ ಮರೆತು ಗೋಡೆ ನೆರಳಲ್ಲೇ ಮಲಗಿತು.

ನನ್ನವಳು ಹೇಳಿದ್ದು ಇಷ್ಟೇ: "ಗೋಡೆ ಚೆನ್ನಾಗಿದೆ ಕಣ್ರೀ. ಎಮ್ಮೆ ತಪ್ಪಿಸ್ಕೊಳ್ಳೋ ಹಾಗೇ ಇಲ್ಲ."

ಕಾಳು ಕುದುರೆಗೆ, ಕಟ್ಟು ದಂಡಿಗೆ

ಮೊದಲನೇ ಮಹಾಯುದ್ಧವನ್ನು ಇಂಗ್ಲಿಷರು ಗೆದ್ದಿದ್ದು ಯಾರ ಸಹಾಯದಿಂದ ಅಂತ ಇನ್ನೊಂದು ದಿನ ಚರ್ಚೆ. ಒಬ್ಬೊಬ್ಬರು ಒಂದೊಂದು ದೇಶದ ಹೆಸರು ಹೇಳಿದರು. ನಾನು ಎದ್ದು ನಿಂತು, "ನಮ್ಮ ತಾತನಿಂದ" ಅಂದೆ.

"ಕೋವಿ ಹಿಡಿದಿದ್ದನೇನಪ್ಪಾ?" ಅಂದರು ಹವಾಲ್ದಾರರು.

"ಸೌಟು ಹಿಡಿದಿದ್ದ. ಮಹಾರಾಜರ ಕುದುರೆ ದಂಡಿನ ಜೊತೆ ಹಡಗು ಹತ್ತಿ ಹೋಗಿ ಹುರುಳಿ ಬೇಯಿಸಿದ. ಬೆಂದ ಕಾಳು ಕುದುರೆಗೆ, ಬಸಿದ ಕಟ್ಟಿನ ಸಾರು ಸಿಪಾಯಿಗಳಿಗೆ. ಆ ಸಾರು ಕುಡಿದವರು ಕುದುರೆಗಿಂತ ಮುಂದೆ ಓಡ್ತಿದ್ರಂತೆ!"

"ಬುರುಡೆ!" ಅಂದರು ಹವಾಲ್ದಾರರು. "ಈ ಊರಿಂದ ಆ ಯುದ್ಧಕ್ಕೆ ಒಂದು ನರಪಿಳ್ಳೆಯೂ ಹೋಗಿಲ್ಲ. ಯುಗಾದಿಯೊಳಗೆ ಸಾಕ್ಷಿ ತಾ. ಇಲ್ದಿದ್ರೆ ನೀನು ಮರಕ್ಕೆ ಒರಗೋ ಆ ಜಾಗ ನಂದು."

ಆ ಜಾಗದಲ್ಲಿ ನಮ್ಮಪ್ಪ ಕೂತಿದ್ದ. ಅದಕ್ಕೂ ಮೊದಲು, ಯುದ್ಧದಿಂದ ಬಂದ ತಾತ ಕೂತಿದ್ದ. ಬಿಟ್ಟುಕೊಡುವುದುಂಟಾ? ಆದರೆ ಸಾಕ್ಷಿ ಹೇಳಬೇಕಾದ ಕುದುರೆಗಳೆಲ್ಲ ಸತ್ತು ಎಷ್ಟೋ ಕಾಲವಾಗಿತ್ತು.

ಕೊಯ್ಲಿಗೆ ಬಂದ ದೊರೆ

ನಾನು ವಿಮಾನ ನಿಲ್ದಾಣಕ್ಕೆ ಕಾರು ಓಡಿಸುವವನು. ರಾಗಿ ಕೊಯ್ಲಿನ ದಿನಗಳಲ್ಲಿ ಇಂಗ್ಲೆಂಡಿನ ಹಿರಿಯರೊಬ್ಬರು ಹತ್ತಿದರು. ನನ್ನ ಇಂಗ್ಲಿಷಿನಲ್ಲಿ ಹೇಳಿಯೇಬಿಟ್ಟೆ: "ನಮ್ಮಲ್ಲಿ ಮುಯ್ಯಾಳು ಅಂತ ಇದೆ ಸಾರ್. ನಾನು ನಿಮ್ಮ ಹೊಲದಲ್ಲಿ ದುಡಿದ್ರೆ ನೀವು ನಮ್ಮ ಹೊಲಕ್ಕೆ ಬರಬೇಕು. ನಿಮ್ಮ ಯುದ್ಧಕ್ಕೆ ನಮ್ಮ ತಾತ ಬಂದ. ನಿಮ್ಮ ಕಡೆಯಿಂದ ಇವತ್ತಿಗೂ ಒಬ್ಬರೂ ಬಂದಿಲ್ಲ."

ಅವರು ಗಾಬರಿಯಾಗಿ, "ಈಗ ಎಲ್ಲಿ ಯುದ್ಧ?" ಅಂದರು.

"ಯುದ್ಧ ಇಲ್ಲ ಸಾರ್. ರಾಗಿ ಕೊಯ್ಲಿದೆ."

ನಗುತ್ತಾ ಗಡಿಯಾರ ನೋಡಿಕೊಂಡರು. "ವಿಮಾನಕ್ಕೆ ಇನ್ನೂ ಹೊತ್ತಿದೆ, ನಡಿ" ಅಂದರು! ನಮ್ಮ ಹೊಲಕ್ಕೆ ಬಂದು, ಕೋಟು ಬಿಚ್ಚಿ ನನ್ನವಳ ಕೈಗೆ ಕೊಟ್ಟು ಕುಡುಗೋಲು ಹಿಡಿದರು. ಕೊಯ್ದಿದ್ದು ನಾಲ್ಕು ಹಿಡಿ. ಕಾಲ್ಬೆರಳು ಉಳಿದಿದ್ದು ಪುಣ್ಯ. ಸುದ್ದಿ ತಿಳಿದು ಹವಾಲ್ದಾರರು ಓಡಿ ಬಂದರು. ಹಿರಿಯರು ಬೆವರು ಒರೆಸಿಕೊಂಡು, "ಇವರ ತಾತ ನಮಗಾಗಿ ಬಂದರು, ನಾನು ಅವರಿಗಾಗಿ ಬಂದೆ" ಅಂದರು. ಹವಾಲ್ದಾರರ ಕೈ ತಾನಾಗಿಯೇ ಸೆಲ್ಯೂಟಿಗೆ ಏರಿತು. ನಿಜ ಹೇಳುತ್ತೇನೆ, ಆಗ ನನ್ನ ಕಣ್ಣಿಗೂ ರಾಗಿ ಧೂಳು ಬಿತ್ತು. ಹುರುಳಿ ಸಾರಲ್ಲಿ ಮುದ್ದೆ ಉಣ್ಣಿಸಿ, ವಿಮಾನಕ್ಕೆ ಸರಿಯಾಗಿ ಬಿಟ್ಟು ಬಂದೆ.

ಮಾರನೇ ಬೆಳಗ್ಗೆ ಕಟ್ಟೆಗೆ ಹೋದರೆ ಜಾತ್ರೆ! ಬೆಳಗಾಗುವಷ್ಟರಲ್ಲಿ ಊರಿನ ಹದಿನೇಳು ತಾತಂದಿರು ಆ ಯುದ್ಧಕ್ಕೆ ಹೋಗಿ ಬಂದಿದ್ದರು. ಎಲ್ಲರಿಗಿಂತ ಮುಂದೆ ಹವಾಲ್ದಾರರು.

"ಗುರುವೇ, ನಮ್ಮ ತಾತನೂ ಹೋಗಿದ್ದ ಕಣೋ! ನಿಮ್ಮ ತಾತನ ಹುರುಳಿ ಒಲೆ ಊದಿದ್ದೇ ಅವನು. ನಂದು ಒಂದೂವರೆ ಎಕರೆ ರಾಗಿ ನಿಂತಿದೆ. ನಿನ್ನ ಇಂಗ್ಲಿಷರು ಮತ್ತೆ ಯಾವಾಗ ಬರ್ತಾರೆ?"

ನಾನು ನನ್ನ ಜಾಗದಲ್ಲಿ ಮರಕ್ಕೆ ಒರಗಿ ಕೂತು, ಕಾಲು ಚಾಚಿ, "ಸಾಕ್ಷಿ ತನ್ನಿ" ಅಂದೆ.