ಮೇಡಂಗೆ ಸಕ್ಕರೆ ಎಷ್ಟು?

"ಈ ಸಲದ ಭಾಷಣ ನನ್ನದೇ! ಚೀಟಿ ಇಲ್ಲ, ಮಗಳ ಸಹಾಯ ಇಲ್ಲ. ನೋಡ್ತಿರು, ಸಭೇನೇ ಅಲ್ಲಾಡಿಹೋಗಬೇಕು!"

ಹೀಗೆಂದು ಘೋಷಿಸಿ ಕ್ಲಿಫರ್ಡ್ ಓಲ್ಡ್‌ರಾಯ್ಡ್ ಕನ್ನಡಿಯ ಮುಂದೆ ಟೈ ಬಿಗಿದುಕೊಂಡ. ಅಂದು ಅವನ ಮದುವೆಗೆ ನಲವತ್ತು ವರ್ಷ. ಇಂಗ್ಲೆಂಡಿನ ಡ್ಯೂಸ್‌ಬರಿ ಊರಿನ ಕಾರ್ಮಿಕರ ಕ್ಲಬ್ಬಿನಲ್ಲಿ ಅರವತ್ತು ಜನ ಕಾಯುತ್ತಿದ್ದರು.

ಹೆಂಡತಿ ಬೆರಿಲ್ ಓಲೆ ಸಿಕ್ಕಿಸಿಕೊಳ್ಳುತ್ತ ಹೇಳಿದಳು: "ಏನಾದ್ರೂ ಮಾತಾಡ್ಕೋ. ಆ ಪೋಸ್ಟ್‌ಮನ್ ಮಾತು ಮಾತ್ರ ಬೇಡ ಕಣೋ ಕ್ಲಿಫ್. ಇವತ್ತೊಂದಿನ ನಮ್ಮದು ಅಂತ ಏನಾದ್ರೂ ಹೇಳು."

"ನೂರಕ್ಕೆ ನೂರು ನಮ್ಮದೇ ಸರಕು!"

ಆ ಪೋಸ್ಟ್‌ಮನ್ ಎಂದರೆ ನಲವತ್ತು ವರ್ಷದ ಹಿಂದಿನ ಟೀವಿ ಹಾಸ್ಯ ಧಾರಾವಾಹಿಯವನು. ಪ್ರತಿ ಕ್ರಿಸ್‌ಮಸ್‌ಗೂ ಮರುಪ್ರಸಾರ. ದೇಶಕ್ಕೆ ದೇಶವೇ ಅವನ ಮಾತುಗಳನ್ನು ಬಾಯಿಪಾಠ ಮಾಡಿಕೊಂಡಿದೆ. ಕ್ಲಿಫರ್ಡನಿಗಂತೂ ಬೇರೆ ಮಾತೇ ಬರುವುದಿಲ್ಲ. ಮಗಳು ಹುಟ್ಟಿದಾಗ ಆಸ್ಪತ್ರೆಯ ಮಂಚದ ಪಕ್ಕ ನಿಂತು "ಪಾರ್ಸೆಲ್ ಬಂತು, ಸಹಿ ಹಾಕಮ್ಮ!" ಎಂದ ಮಹಾನುಭಾವ ಅವನು. ಅವನಿಗೆ ಧಾರೆಯಾದದ್ದು ಬೆರಿಲ್ ಜತೆಗೋ ಧಾರಾವಾಹಿಯ ಜತೆಗೋ ಎಂದು ನಾದಿನಿ ಎಡ್ನಾಳಿಗೆ ಇಂದಿಗೂ ಅನುಮಾನ.

ಹಂದಿಮಾಂಸದ ಪೈ, ಹ್ಯಾಮ್ ಸ್ಯಾಂಡ್‌ವಿಚ್ ಎಲ್ಲ ಮುಗಿದ ಮೇಲೆ ಕ್ಲಿಫರ್ಡ್ ಮೈಕ್ ಹಿಡಿದ.

"ಮಧುಚಂದ್ರಕ್ಕೆ ಬ್ರಿಡ್ಲಿಂಗ್ಟನ್‌ಗೆ ಹೋದ್ವಿ. ನನಗಿದ್ದಿದ್ದು ಒಂದೇ ಪ್ಯಾಂಟು, ಅದೂ ನೆಂದು ತೊಪ್ಪೆ! ವಸತಿಮನೆ ಯಜಮಾನಿ ಒಲೆ ಮುಂದೆ ಒಣಗಿಸಿದ್ಲು. ಅವಳ ನಾಯಿ ಕಚ್ಕೊಂಡು ಪರಾರಿ! ಬೆಳಗ್ಗೆ ತಿಂಡಿಗೆ ಬೆರಿಲ್‌ದು ಗುಲಾಬಿ ಲಂಗ ಉಟ್ಕೊಂಡು ಇಳಿದೆ. ಮೇಜಿನ ಆಚೆಗೊಬ್ಬ ಪಾದ್ರಿ. ಟೀ ಬಗ್ಗಿಸ್ತಾ ಕೇಳ್ತಾನೆ..."

"ಮೇಡಂಗೆ ಸಕ್ಕರೆ ಎಷ್ಟು?" ಎಂದು ಇಡೀ ಸಭೆ ಒಕ್ಕೊರಲಿನಿಂದ ಕೂಗಿತು!

ಕ್ಲಿಫರ್ಡನ ಎದೆ ಉಬ್ಬಿತು. ಆಹಾ, ತನ್ನ ಬಾಳಿನ ಕಥೆ ಇಷ್ಟು ಪ್ರಖ್ಯಾತವೇ!

ಕ್ಲಬ್ಬಿನ ಕಾರ್ಯದರ್ಶಿ ನಾರ್ಮನ್ ಎದ್ದು ನಿಂತ. "ನಾಯಿ ಹೆಸರೇನಪ್ಪಾ ಕ್ಲಿಫ್?"

"ನೆಲ್ಸನ್!"

ಚಪ್ಪಾಳೆಯೋ ಚಪ್ಪಾಳೆ! ಎಡ್ನಾಳಿಗೆ ತಡೆಯಲಾಗಲಿಲ್ಲ. "ಪ್ಯಾಂಟೂ ಪೋಸ್ಟ್‌ಮನ್‌ದು, ನಾಯೀನೂ ಪೋಸ್ಟ್‌ಮನ್ ಕಥೇದು! ಹೋದ ಕ್ರಿಸ್‌ಮಸ್‌ಗೂ ಟೀವೀಲಿ ಹಾಕಿದ್ರು. ಇದರಲ್ಲಿ ನಿಮ್ದು ಯಾವುದು ಭಾವ? ಲಂಗಾನಾ?"

"ತಲೆ ಕೆಟ್ಟಿದೆಯಾ ನಿಂಗೆ? ಇದು ನಮಗೇ ಆಗಿದ್ದು! ಬೆರಿಲ್, ನೀನಾದ್ರೂ ಹೇಳೇ!"

ಬೆರಿಲ್ ಕೈವಸ್ತ್ರವನ್ನು ಮಡಚುತ್ತಿದ್ದಳು. "ನನ್ನ ಹತ್ರ ಗುಲಾಬಿ ಲಂಗ ಯಾವತ್ತೂ ಇರ್ಲಿಲ್ಲ ಕ್ಲಿಫ್."

"ಹೋಗ್ಲಿ, ನಿಜವಾಗಿ ಏನಾಯ್ತು, ಅದನ್ನಾದ್ರೂ ಹೇಳಪ್ಪಾ!" ಎಂದ ನಾರ್ಮನ್.

ಕ್ಲಿಫರ್ಡ್ ಬಾಯಿ ತೆರೆದ. ಬ್ರಿಡ್ಲಿಂಗ್ಟನ್‌ನಲ್ಲಿ ಏಳು ದಿನ ಇದ್ದರು, ಅಷ್ಟು ಗೊತ್ತು. ತಲೆಯೊಳಗೆಲ್ಲ ತಡಕಾಡಿದ. ಕೈಗೆ ಸಿಕ್ಕಿದ್ದು ಬರೀ ನಾಯಿ, ಪಾದ್ರಿ, ಸಕ್ಕರೆ. ಕಿವಿಯ ತುದಿಯವರೆಗೂ ಕೆಂಪೇರಿತು. ನೆಲ ಬಾಯಿಬಿಟ್ಟರೆ ಇಳಿದುಹೋಗೋಣ ಅನ್ನಿಸಿತು. ಜನ ನಕ್ಕರೆ ನಗಲಿ. ನಲವತ್ತು ವರ್ಷದಲ್ಲಿ ಅವಳು ಕೇಳಿದ್ದು ತಮ್ಮದೇ ಆದ ಒಂದೇ ಒಂದು ಮಾತು. ಅದೂ ತನ್ನ ಹತ್ತಿರ ಇರಲಿಲ್ಲವಲ್ಲ ಎಂದು ಅವನಿಗೆ ನಿಜಕ್ಕೂ ನಾಚಿಕೆಯಾಯಿತು.

ಬೆರಿಲ್ ಎದ್ದು ಬಂದು ಅವನ ಕೈಯಿಂದ ಮೈಕ್ ತೆಗೆದುಕೊಂಡಳು.

"ನಾನೇ ಹೇಳ್ತೀನಿ. ಮದುವೆಯಾದ ದಿನವೇ ಸಂಜೆ ಅಲ್ಲಿಗೆ ಹೋಗಿ ಇಳಿದ್ವಿ. ಟೀವಿ ಇದ್ದಿದ್ದು ಕೆಳಗಿನ ಹಜಾರದಲ್ಲಿ. 'ಅರ್ಧ ಗಂಟೆ ಕಣೇ, ಬಂದೆ' ಅಂತ ಇವನು ಇಳಿದುಹೋದ. ನಾನು ಮೇಲೆ ಹೊಸ ಬಟ್ಟೆ ಹಾಕ್ಕೊಂಡು, ಕೂದಲು ಬಿಚ್ಕೊಂಡು ಕೂತಿದ್ದೆ. ಕೆಳಗಿಂದ ಇವನ ನಗು ಕೇಳಿಸ್ತಿತ್ತು."



"ಆಮೇಲೆ?" ಎಂದ ನಾರ್ಮನ್.

"ಆಮೇಲೇನು, ಮೇಲೆ ಬಂದ. ಬಾಗಿಲು ಹಾಕಿದ. ನನ್ನ ಕೈ ಹಿಡ್ಕೊಂಡು ಪಕ್ಕದಲ್ಲಿ ಕೂತ. ಕೂತು, ಈಗ ನಿಮಗೆ ಹೇಳಿದ್ನಲ್ಲ, ಅದೇ ಕಥೇನ ಒಂದಕ್ಷರ ಬಿಡದೆ ಪೂರ್ತಿ ಹೇಳಿದ!"

ಇಡೀ ಸಭೆ ಬಿದ್ದು ಬಿದ್ದು ನಕ್ಕಿತು. ನಗದೆ ಉಳಿದವರು ಇಬ್ಬರೇ: ಆ ದಿನದ ವಧೂವರರು.