ಮಾಲಿನಲ್ಲಿ ದೊಡ್ಡವ್ವನ ಕಣ್ಣುಪರೀಕ್ಷೆ

ನಮ್ಮ ದೊಡ್ಡವ್ವನಷ್ಟು ಅನುಮಾನದ ಹೆಂಗಸು ಬೆಸಗರಹಳ್ಳಿಯಲ್ಲಷ್ಟೇ ಅಲ್ಲ, ಇಡೀ ಮದ್ದೂರು ತಾಲ್ಲೂಕಿನಲ್ಲೇ ಇಲ್ಲ ಎಂದು ಬೇಕಾದರೆ ಕರ್ಪೂರ ಹಚ್ಚಿ ಪ್ರಮಾಣ ಮಾಡುತ್ತೇನೆ! ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತಾಳೆ, ಸರಿ, ಎಲ್ಲರೂ ನೋಡುತ್ತಾರೆ. ಆದರೆ ಬಸ್ಸು ಮದ್ದೂರಿಗೆ ಹೋಗುತ್ತದೆಂದು ಕಂಡಕ್ಟರು, ಡ್ರೈವರು ಇಬ್ಬರೂ ಹೇಳಿದ ಮೇಲೂ ಪಕ್ಕದ ಸೀಟಿನವರನ್ನು ಗುಟ್ಟಾಗಿ ವಿಚಾರಿಸುವವರುಂಟೆ?

ಇಂಥವಳ ಎರಡು ಕಣ್ಣಿಗೂ ಪೊರೆ ಬಂತು. ವರ್ಷಗಟ್ಟಲೆ ಕಾಡಿ ಬೇಡಿ, ಮಂಡ್ಯದ ನಮ್ಮ ಮನೆಗೆ ಕರೆತಂದು ಒಂದು ಕಣ್ಣಿಗೆ ಆಪರೇಷನ್ ಮಾಡಿಸಿದೆ. ಇನ್ನೊಂದಕ್ಕೆ ಸುತರಾಂ ಒಪ್ಪಲಿಲ್ಲ. ಮೊದಲನೆಯದು ಕೆಲಸ ಮಾಡುತ್ತದೋ ಇಲ್ಲವೋ ನೋಡಬೇಕಂತೆ! ಡಾಕ್ಟರು ಕಪ್ಪು ಕನ್ನಡಕ ತೆಗೆಯಬಹುದು ಎಂದರೂ ತೆಗೆಯಲಿಲ್ಲ.

"ಅವ್ರು ಗ್ವಾಡೆ ಮ್ಯಾಲೆ ಅಕ್ಷರ ತೋರುಸ್ತಾರೆ ಕಣ್ಲಾ. ಕಣ್ಣು ಚೆಂದಾಗಿದ್ದಾಗ್ಲೇ ಓದ್ನಿಲ್ಲ, ಈಗ ಓದಾನಾ? ಸಿನಿಮಾಕ್ಕೆ ಕರ್ಕಂಡೋಗು. ಅಲ್ಲಿ ಕನ್ನಡಕ ತಗೀತೀನಿ. ಕಂಡ್ರೆ ಇನ್ನೊಂದ್ ಕಣ್ಣೂ ಕುಯ್ಸಾನ. ಕಾಣ್ನಿಲ್ವಾ, ಬುಡು ಅತ್ಲಾಗೆ."

ಪರೀಕ್ಷೆಯೆಂದರೆ ದೊಡ್ಡ ಪರದೆಯಲ್ಲೇ ಆಗಲಿ ಎಂದು ಮೈಸೂರಿನ ಮಾಲ್ ಒಂದಕ್ಕೆ ಕರೆದುಕೊಂಡು ಹೋದೆ. ಮೈಸೂರಿನಲ್ಲಿ ನನಗೆ ಗೊತ್ತಿರುವುದು ಅರಮನೆ ಮತ್ತು ಬಸ್ ಸ್ಟ್ಯಾಂಡು. ಮಾಲಿನೊಳಗೆ ಯಾವ ಕಡೆ ತಿರುಗಿದರೂ ಒಂದೇ ಥರ! ಮೇಲಿನ ಸಿನಿಮಾಕ್ಕೆ ಹೋಗಬೇಕಾದವರು ಕೆಳಗಿನ ತರಕಾರಿ ಅಂಗಡಿಯಲ್ಲಿ ನಿಂತಿದ್ದೆವು.

ನಾನು ದಾರಿ ಕೇಳಿಕೊಂಡು ಬರುವಷ್ಟರಲ್ಲಿ ಚಟ್, ಚಟ್ ಎಂದು ಸದ್ದು. ನೋಡಿದರೆ ದೊಡ್ಡವ್ವ ತಟ್ಟೆಯಲ್ಲಿದ್ದ ಬೆಂಡೆಕಾಯಿಯ ತುದಿಗಳನ್ನೆಲ್ಲ ಒಂದೊಂದಾಗಿ ಮುರಿಯುತ್ತಿದ್ದಾಳೆ! ಅಂಗಡಿಯ ಹುಡುಗಿ ಕಂಗಾಲಾಗಿ, "ಅಜ್ಜಿ, ಹಾಗೆಲ್ಲ ಮುರೀಬಾರ್ದು" ಎಂದಳು.

"ಮುರೀದೆ ಎಳೇದೋ ಬಲ್ತಿರೋದೋ ಎಂಗವ್ವಾ ಗೊತ್ತಾಯ್ತದೆ? ನಿಮ್ಮವ್ವ ಕಲುಸ್ನಿಲ್ವಾ?"

ಮುರಿದದ್ದನ್ನೆಲ್ಲ ನಾವೇ ಕೊಳ್ಳಬೇಕಾಯಿತು. ಆ ಚೀಲದೊಂದಿಗೆ ಸಿನಿಮಾ ಬಾಗಿಲಿಗೆ ಹೋದರೆ ಅಲ್ಲಿಯ ಸೆಕ್ಯುರಿಟಿಯವನು, "ತಿನ್ನೋ ಸಾಮಾನು ಒಳಗೆ ಬಿಡಲ್ಲ" ಎಂದು ಅಡ್ಡ ನಿಂತ. ದೊಡ್ಡವ್ವ ಒಂದು ಬೆಂಡೆಕಾಯಿ ತೆಗೆದು ಅವನ ಮೂಗಿನ ಮುಂದೆ ಹಿಡಿದಳು.

"ತಗಳಪ್ಪ, ನೀನೇ ತಿಂದು ತೋರ್ಸು. ಅಸಿ ಬೆಂಡೇಕಾಯಿ ತಿನ್ಕಂಡು ಸಿನಿಮಾ ನೋಡೋರ್ನ ಎಲ್ಲಾರ ಕಂಡಿದ್ದೀಯಾ?"

ಅವನು ನಗು ತಡೆಯಲಾರದೆ ಚೀಲವನ್ನು ತನ್ನ ಕುರ್ಚಿಯ ಕೆಳಗೆ ಇಟ್ಟುಕೊಂಡು ನಮ್ಮನ್ನು ಒಳಗೆ ಬಿಟ್ಟ.

ದೀಪಗಳು ಆರಿದವು. ದೊಡ್ಡವ್ವ ಕನ್ನಡಕ ತೆಗೆದಳು. ಕಾಣದಿದ್ದರೆ ಏನು ಗತಿ ಎಂದು ನಾನು ಉಸಿರು ಬಿಗಿಹಿಡಿದು ಕೂತೆ. ಪರದೆಯ ತುಂಬ ನಾಯಕನ ಮುಖ ಬಂತು. ಅವನು ಪ್ರೀತಿಯ ಮಾತು ಶುರುಮಾಡುವ ಹೊತ್ತಿಗೆ ಸರಿಯಾಗಿ ಇವಳು ಕೂಗಿಯೇಬಿಟ್ಟಳು.

"ಲೇ ಮಗಾ! ಅವನ ಅಲ್ಲು ಸಂದಿ ಬುಟ್ಟೈತೆ ಕಣ್ಲಾ!"

ಇಡೀ ಥಿಯೇಟರು ಗೊಳ್ಳೆಂದಿತು. ಆಮೇಲೆ ಕೇಳಬೇಕೆ? ನಾಯಕಿಯ ರವಿಕೆಯ ಹೊಲಿಗೆ, ಖಳನ ಕಿವಿಯ ಕೂದಲು, ಯಾವುದೂ ಉಳಿಯಲಿಲ್ಲ. ಹಿಂದಿನ ಸಾಲಿನವರೊಬ್ಬರು, "ಸ್ವಲ್ಪ ಸುಮ್ನಿರಜ್ಜಿ" ಎಂದರು. "ಕಣ್ಣು ಬಂದೈತೆ ಕಣಪ್ಪ, ಎಂಗ್ ಸುಮ್ಕಿರ್ಲಿ!" ಎಂದು ಇವಳು ತಿರುಗಿ ನಕ್ಕಳು. ನನ್ನಿಂದ ಆಪರೇಷನ್ನಿನ ವಿಷಯ ತಿಳಿದ ಆ ಪುಣ್ಯಾತ್ಮರು ತಮ್ಮ ಪಾಪ್‌ಕಾರ್ನನ್ನೇ ಮುಂದಕ್ಕೆ ಚಾಚಿದರು. ಅದನ್ನೂ ಮೂಸಿ ನೋಡಿಯೇ ತಿಂದಳೆನ್ನಿ! ಅಂತೂ ಗೆದ್ದೆ, ಎರಡನೆಯ ಕಣ್ಣಿಗೆ ನಾಳೆಯೇ ದಿನ ಗೊತ್ತುಮಾಡಬೇಕು ಎಂದುಕೊಂಡೆ.

ಇಂಟರ್‌ವಲ್ಲಿನಲ್ಲಿ ದೀಪ ಹತ್ತಿತು. ದೊಡ್ಡವ್ವ ಹೊಸ ಕಣ್ಣಿನಿಂದ ನನ್ನ ಕಡೆ ತಿರುಗಿದವಳು ಹಾಗೇ ನಿಂತುಬಿಟ್ಟಳು. ಅವ್ವ ಗದ್ದೆ ಕೆಲಸಕ್ಕೆ ಹೋದಾಗೆಲ್ಲ ನನ್ನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು ಇವಳು. ಆ ಕೈ ನಿಧಾನವಾಗಿ ಬಂದು ನನ್ನ ತಲೆ ಸವರಿತು.

"ಯಾವಾಗ್ಲಾ ಮಗಾ ಇಷ್ಟೊಂದು ಬೆಳ್ಳಗಾಯ್ತು?"

"ವಯಸ್ಸಾಯ್ತಲ್ಲ ದೊಡ್ಡವ್ವಾ. ಕಣ್ಣು ಚೆನ್ನಾಗೇ ಕಾಣ್ತಾ ಅದಲ್ಲ, ಇನ್ನೊಂದೂ ಮಾಡ್ಸಾನ?"

ಅವಳು ಅಂಗೈಯಿಂದ ಹೊಸ ಕಣ್ಣನ್ನು ಮುಚ್ಚಿಕೊಂಡಳು. ಪೊರೆ ತುಂಬಿದ ಇನ್ನೊಂದು ಕಣ್ಣಿನಿಂದ ನನ್ನನ್ನು ಬಹಳ ಹೊತ್ತು ನೋಡಿದಳು.

"ಮಾಡ್ಸಾನ ಬುಡು" ಎಂದಳು. "ಈಗ್ಲೇ ಬ್ಯಾಡ ಕಣ್ ಮಗಾ. ಇದ್ರಲ್ಲಿ ನೀನಿನ್ನೂ ಉಡುಗ್ನಂಗೇ ಕಾಣ್ತೀಯ. ಒಸಿ ದಿಸ ನೋಡ್ಕಂಬುಡ್ತೀನಿ."