ಬೀದಿಗೆಲ್ಲ ಒಂದೇ ಕೋಟು

ಎಲ್ಲಕ್ಕೂ ಕಾರಣ ಎರಡು ಕಿವಿ. ಅವು ಭಾವನವು.

ಭಾವ ಆ ಬೀದಿಯ ಫೋಟೋ ಸ್ಟುಡಿಯೋದವನು. ಅವನನ್ನು ಹಾಗೆ ಕರೆಯುವ ಹಕ್ಕು ನಿಜವಾಗಿ ಇದ್ದದ್ದು ಒಬ್ಬನಿಗೇ, ಹೆಂಡತಿಯ ತಮ್ಮನಿಗೆ. ಆದರೆ ಆ ಬಾಮೈದ "ಎರಡು ದಿನ ಇದ್ದು ಹೋಗ್ತೀನಿ" ಎಂದು ಅಕ್ಕನ ಮನೆಗೆ ಬಂದವನು ಹೋಗುವ ಮಾತೇ ಎತ್ತಲಿಲ್ಲ. ಬೀದಿಯ ತುದಿಯಿಂದಲೇ "ಭಾವಾ" ಎಂದು ಕೂಗಿ ಕೂಗಿ, ಈಗ ಪಕ್ಕದಂಗಡಿಯ ಟೈಲರಿಗೂ ಅವನು ಭಾವ, ಪುಕ್ಕಟೆ ಪೇಪರ್ ಓದಲು ಬರುವ ನಿವೃತ್ತ ಮೇಷ್ಟ್ರಿಗೂ ಭಾವ.

ಮನೆಯಲ್ಲಿದ್ದದ್ದು ಒಂದು ಕೋಣೆ, ಒಂದು ನಡುಮನೆ, ಒಂದು ಫ್ಯಾನು. ಫ್ಯಾನು ನಡುಮನೆಯಲ್ಲಿತ್ತು. ಅದರ ಕೆಳಗೆ ಕೈಕಾಲು ಚಾಚಿಕೊಂಡು ಬಾಮೈದ ಇದ್ದ. ಕೋಣೆಯಲ್ಲಿ ಬೆವರುತ್ತ ಬಿದ್ದುಕೊಳ್ಳುವ ಭಾವನಿಗೆ ಜೀವನದಲ್ಲಿ ಉಳಿದಿದ್ದ ಆಸೆ ಅದೊಂದೇ: ಆ ಫ್ಯಾನಿನ ಕೆಳಗೆ ಒಂದು ನಿದ್ದೆ.

ಹಾಗಿರುವಾಗ ಬೆಳಿಗ್ಗೆ ಹೆಂಡತಿ ಹೇಳಿದಳು: "ರೀ, ಚಿಕ್ಕಮ್ಮ ಒಂದು ಸಂಬಂಧ ತಂದಿದಾರೆ. ಪುಸ್ತಕದಂಗಡಿಯವರ ಮಗಳು. ಅಂಗಡಿ ಮೇಲಿನ ಮನೆ ಮಗಳು ಅಳಿಯನಿಗೇ ಅಂತೆ. ಸಂಜೆಯೊಳಗೆ ಇವನ ಫೋಟೋ ಕಳಿಸಿ. ಕೋಟು ಹಾಕಿ ಮತ್ತೆ!"

ಅಂಗಡಿಯ ಮೇಲಿನ ಮನೆ! ಭಾವನ ತಲೆಯೊಳಗೆ ಫ್ಯಾನು ತಿರುಗತೊಡಗಿತು.

ಆ ಸ್ಟುಡಿಯೋದಲ್ಲಿ ಕೋಟು ಹಾಕಲು ಯಾರೂ ಕೋಟು ತೊಡಬೇಕಾಗಿರಲಿಲ್ಲ. ಭಾವ ತನ್ನ ಮದುವೆಯ ಕೋಟು ತೊಟ್ಟು, ನೀಲಿ ಪರದೆಯ ಮುಂದೆ ನಿಂತು ಒಮ್ಮೆ ಫೋಟೋ ತೆಗೆಸಿಕೊಂಡಿದ್ದ. ಕೋಟನ್ನು ನುಸಿ ತಿಂದು ಮುಗಿಸಿತು. ಫೋಟೋ ಕಂಪ್ಯೂಟರಿನಲ್ಲಿ ಉಳಿಯಿತು. ಅದರ ಮೇಲೆ ಗಿರಾಕಿಯ ತಲೆಯನ್ನು ಅಂಟಿಸಿದರೆ ಕೆಲಸ ಮುಗಿಯಿತು. ಹೀಗಾಗಿ ಆ ಬೀದಿಯ ಗಂಡಸರ ತಲೆಗಳು ಬೇರೆ ಬೇರೆಯಾದರೂ ಗುರುತಿನ ಚೀಟಿಯಲ್ಲಿ ಎಲ್ಲರಿಗೂ ಭಾವನದೇ ಹೆಗಲು.

ಕಂಪ್ಯೂಟರಿನಲ್ಲಿ ಫೋಟೋ ಎಂದರೆ ಒಂದರ ಮೇಲೊಂದು ಜೋಡಿಸಿದ ಗಾಜಿನ ಹಾಳೆಗಳಿದ್ದಂತೆ. ಒಂದೊಂದು ಹಾಳೆಗೂ ಲೇಯರ್ ಎನ್ನುತ್ತಾರೆ. ಪಕ್ಕದಲ್ಲಿ ಒಂದು ಕಣ್ಣಿನ ಚಿತ್ರ. ಕಣ್ಣು ಮುಚ್ಚಿದರೆ ಆ ಹಾಳೆ ಮರೆಯಾಗುತ್ತದೆ. ಎಲ್ಲಕ್ಕಿಂತ ಕೆಳಗಿನದು ಬ್ಯಾಕ್‌ಗ್ರೌಂಡ್. ಅದಕ್ಕೆ ಮಾತ್ರ ಸಣ್ಣದೊಂದು ಬೀಗ. ಭಾವನ ಕೋಟಿನ ಫೋಟೋ ಅಲ್ಲಿ ಭದ್ರವಾಗಿತ್ತು. ಕೆಲಸ ಕಲಿಸಿದ ಮುದುಕ ಹೇಳಿದ್ದ: "ಮೇಲಿನವರು ಹೇಗೆ ಬೇಕಾದ್ರೂ ಕುಣೀಲಿ, ಕೆಳಗಿನ ಬೀಗ ಮಾತ್ರ ತೆಗೀಬೇಡಪ್ಪ."

ಬಾಮೈದನ ತಲೆಯನ್ನು ಇಟ್ಟು ನೋಡಿದರೆ, ಅದು ಬಡಕಲು ತಲೆ. ಹಿಂದಿನಿಂದ ಭಾವನ ಅಗಲ ಕಿವಿಗಳು ಮೊರದ ಹಾಗೆ ಇಣುಕಿದವು.

"ಏನ್ ಭಾವ, ವರನಿಗೆ ನಾಲ್ಕು ಕಿವಿ?" ಎಂದ ಟೈಲರ್, ಕತ್ತರಿ ಹಿಡಿದುಕೊಂಡೇ ಒಳಗೆ ಬಂದು.

"ಇರಲಿ ಬಿಡಿ, ಹೆಂಡ್ತಿ ಮಾತಿಗೆ ಎರಡು, ಅತ್ತೆ ಮಾತಿಗೆ ಎರಡು," ಎಂದರು ಮೇಷ್ಟ್ರು ಪೇಪರಿನ ಹಿಂದಿನಿಂದ.

ಭಾವ ಅಳಿಸುವ ರಬ್ಬರು ಹಿಡಿದು ಕಿವಿಗಳನ್ನು ಉಜ್ಜಿದ. ಬೀಗ ಹಾಕಿದ ಹಾಳೆ ಜಪ್ಪಯ್ಯ ಎಂದರೂ ಬಿಟ್ಟುಕೊಡಲಿಲ್ಲ. ಕಿವಿ ಇದ್ದಲ್ಲಿ ಸುಣ್ಣ ಬಳಿದ ಹಾಗೆ ಬಿಳಿ ಕಿವಿ ಮೂಡಿತು.

"ಈಗ ದೆವ್ವದ ಕಿವಿ," ಎಂದ ಟೈಲರ್. "ಆ ಬೀಗ ತೆಗೆದುಬಿಡಿ ಭಾವ. ನಮ್ಮ ಕೆಲಸದಲ್ಲೂ ಅಷ್ಟೇ, ಹೊಲಿಗೆ ಬಿಚ್ಚದೆ ಅಂಗಿ ಚಿಕ್ಕದಾಗಲ್ಲ."

"ಮುದುಕ ಬೇಡ ಅಂದಿದ್ದ..."

"ಮುದುಕನಿಗೆ ಬಾಮೈದ ಇದ್ದನಾ?" ಎಂದರು ಮೇಷ್ಟ್ರು.

ಅದು ನಾಟಿತು. ಭಾವ ಬೀಗ ತೆಗೆದ. ಈ ಸಲ ಉಜ್ಜಿದಾಗ ಕಿವಿ ಬೆಣ್ಣೆಯಂತೆ ಕರಗಿ, ಅಲ್ಲಿ ಹಾಳೆ ಖಾಲಿ ಎಂಬ ಗುರುತಿನ ಬೂದು ಬಿಳಿ ಚೌಕಗಳು ಕಂಡವು. "ಅರೆ, ಚೆಕ್ಸ್ ಬಟ್ಟೆ!" ಎಂದು ಟೈಲರ್ ಹಿಗ್ಗಿದ. ಭಾವ ಅಡಿಗೆ ಒಂದು ನೀಲಿ ಹಾಳೆ ಹಾಸಿದ, ಚೌಕಗಳು ಮಾಯವಾದವು. ಅಂಚು ಸರಿಯಾಗಿದೆಯೇ ನೋಡಲೆಂದು ಬಾಮೈದನ ತಲೆಯಿದ್ದ ಹಾಳೆಯ ಕಣ್ಣನ್ನು ಒಂದು ಗಳಿಗೆ ಮುಚ್ಚಿದ.

ಆಗಲೇ ಹೆಂಡತಿಯ ಫೋನು. "ಕಳಿಸಿದ್ರಾ? ಚಿಕ್ಕಮ್ಮ ಅವರ ಮನೇಲೇ ಕೂತಿದಾರೆ. ಈಗ ಕಳಿಸ್ತೀರೋ, ನಾನೇ ಬರಲೋ?"

"ಕಳಿಸ್ದೆ, ಕಳಿಸ್ದೆ!" ಫೋನನ್ನು ಹೆಗಲಿಗೆ ಒತ್ತಿಕೊಂಡೇ ಭಾವ ಸೇವ್ ಮಾಡಿದ, ಕಳಿಸಿದ. ಪರದೆಯ ಮೇಲಿದ್ದದ್ದು ದಿನಾ ಕನ್ನಡಿಯಲ್ಲಿ ನೋಡಿ ಸಾಕಾದ ಮುಖ. ಅದು ಅವನ ಕಣ್ಣಿಗೇ ಬೀಳಲಿಲ್ಲ. ಬೀಗದ ಉಪಾಯ ಯಾರದೆಂದು ಜಗಳಕ್ಕೆ ನಿಂತಿದ್ದ ಟೈಲರಿಗೂ ಮೇಷ್ಟ್ರಿಗೂ ಬೀಳಲಿಲ್ಲ.

ಸಂಜೆ ಹೆಂಡತಿ ತಮ್ಮನನ್ನೂ ಕರೆದುಕೊಂಡು ಸ್ಟುಡಿಯೋಕ್ಕೇ ಬಂದಳು. ಚಿಕ್ಕಮ್ಮನ ಫೋನು ಬಂತು. ಎಲ್ಲರಿಗೂ ಕೇಳಲೆಂದು ಅದನ್ನು ಮೇಜಿನ ಮೇಲಿಟ್ಟರು.

"ಹುಡುಗ ಒಪ್ಪಿಗೆ ಕಣೇ! ಸ್ವಲ್ಪ ವಯಸ್ಸಾದ ಹಾಗಿದ್ರೂ ಮುಖ ಶಾಂತವಾಗಿದೆ ಅಂದ್ರು. ಆದ್ರೆ ಹುಡುಗಿ ಅಜ್ಜಿ ಒಂದು ಮಾತು ಕೇಳಿದ್ರು. ಹುಡುಗನ ಕಿವಿ ಎಲ್ಲಿ?"

ಹೆಂಡತಿ ಫೋಟೋ ತೆರೆದಳು. ಎಂದೋ ನುಸಿ ತಿಂದು ಮುಗಿಸಿದ ಆ ಕೋಟಿನಲ್ಲಿ, ಕಿವಿಯಿಲ್ಲದ ಬೋಳು ಗಡಿಗೆಯಂಥ ತಲೆ ಹೊತ್ತು, ಗಂಡ ಮುಗುಳ್ನಗುತ್ತಿದ್ದ.

"ನಾನು ಹೇಳಿದ್ದು ಒಂದೂ ಯಾಕೆ ಕೇಳಲ್ಲ ಅಂತ ಈಗ ಗೊತ್ತಾಯ್ತು!" ಎಂದು ಹಣೆ ಚಚ್ಚಿಕೊಂಡಳು. "ಚಿಕ್ಕಮ್ಮಾ, ಅದು ನಮ್ಮನೆಯವರು ಕಣ್ರೀ!" ನಡೆದದ್ದನ್ನೆಲ್ಲ ಹೇಳಿ, ತಮ್ಮನನ್ನು ಅಲ್ಲೇ ಗೋಡೆಗೆ ನಿಲ್ಲಿಸಿ, ಕೋಟಿಲ್ಲದ ಫೋಟೋ ತೆಗೆದು ಕಳಿಸಿದಳು.

ಎಲ್ಲರೂ ಫೋನನ್ನೇ ನೋಡುತ್ತ ಕೂತರು. ಬಾಮೈದ ಉಗುರು ಕಚ್ಚಿದ. ಭಾವನಿಗೆ ತಲೆಯೊಳಗಿನ ಫ್ಯಾನು ನಿಧಾನವಾಗಿ ನಿಲ್ಲುತ್ತಿರುವುದು ಗೊತ್ತಾಗುತ್ತಿತ್ತು.

ಫೋನು ಮತ್ತೆ ಕೂಗಿತು.

"ಅಯ್ಯೋ, ನಕ್ಕೂ ನಕ್ಕೂ ಸುಸ್ತಾದ್ರು! ಈ ಹುಡುಗನೂ ಒಪ್ಪಿಗೆ ಅಂತೆ!"

ಭಾವ ಕುರ್ಚಿಯಿಂದ ಹಾರಿ ಟೈಲರನನ್ನು ತಬ್ಬಿಕೊಂಡ. ಫ್ಯಾನು ಭರ್ರನೆ ತಿರುಗಿತು.

"ಇನ್ನೂ ಕೇಳೇ! ಅಜ್ಜಿ ಏನಂದ್ರು ಗೊತ್ತಾ? 'ಬಾಮೈದನ ಮದುವೆಗೋಸ್ಕರ ತನ್ನ ಕಿವಿ ಕಿತ್ತುಕೊಟ್ಟ ಭಾವ! ಅಂಥವರು ಈ ಕಾಲದಲ್ಲಿ ಎಲ್ಲಿ ಸಿಗ್ತಾರೆ? ನಮ್ಮ ಹುಡುಗಿ ಅಂಥವರ ಮನೇಲೇ ಬಾಳಲಿ. ಅಂಗಡಿ ಮೇಲಿನ ಮನೆ ಬಾಡಿಗೆಗೆ ಕೊಡೋಣ' ಅಂದ್ರು!"

ತಬ್ಬಿದ ಕೈ ಸಡಿಲವಾಯಿತು.

"ಎಂಥ ದೊಡ್ಡ ಮಾತು!" ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಗಂಡನನ್ನು ಅವಳು ಅಷ್ಟು ಪ್ರೀತಿಯಿಂದ ನೋಡಿ ಎಷ್ಟೋ ಕಾಲವಾಗಿತ್ತು. "ಕೋಣೆ ಅವರಿಬ್ಬರಿಗೆ ಬಿಟ್ಟುಕೊಡೋಣ ರೀ. ನಾವು ನಡುಮನೇಲಿ ಮಲಗಿದ್ರಾಯ್ತು."

ನಡುಮನೆ! ಭಾವ ಮೆಲ್ಲನೆ ತಲೆಯೆತ್ತಿದ. ಹಾಗಾದರೆ ಫ್ಯಾನಿನ ಕೆಳಗೆ...

"ನಾಳೆನೇ ಎಲೆಕ್ಟ್ರಿಷಿಯನ್‌ಗೆ ಹೇಳಿ," ಎಂದಳು ಅವಳು. "ಆ ಫ್ಯಾನ್ ಬಿಚ್ಚಿ ಕೋಣೆಗೆ ಹಾಕ್ಲಿ. ಪಾಪ, ಹೊಸ ಹುಡುಗಿ, ಸೆಖೆ ತಡಕೊಳ್ಳಲ್ಲ."

"ಭಾವಾ, ಕೇಳಿಸ್ತಾ?" ಎಂದ ಬಾಮೈದ.

ಭಾವ ಪರದೆಯತ್ತ ತಿರುಗಿದ. ಕೋಟು ತೊಟ್ಟು, ಏನೂ ಕೇಳಿಸದೆ, ಅಲ್ಲಿನ ಕಿವಿಯಿಲ್ಲದ ಭಾವ ತಣ್ಣಗೆ ನಗುತ್ತಲೇ ಇದ್ದ. "ಪುಣ್ಯವಂತ," ಎಂದು ಗೊಣಗಿಕೊಂಡು ಭಾವ ಆ ಹಾಳೆಗೆ ಮತ್ತೆ ಬೀಗ ಹಾಕಿದ.